ಕೇಳುಗರು ಮತ್ತೆ ಬರುವುದು ಯಾವಾಗ? ಅಳತೆ ನೋಡಿ ರೇಡಿಯೊ ಕಾರ್ಯಕ್ರಮ ಕಟ್ಟುವ ಬಗೆ

ನೇರ ಪ್ರಸಾರ ನಡೆಯುತ್ತಿರುವಾಗ ಸ್ಟುಡಿಯೊ ಫೋನು ಬಿಡುವಿಲ್ಲದೆ ಬಡಿದುಕೊಂಡರೆ ನಿರೂಪಕರ ಮುಖ ಅರಳುತ್ತದೆ. ಆದರೆ ಫೋನ್ ಮಾಡುವವರು ಬೇರೆ, ಕೇಳುವವರು ಬೇರೆ. ಒಂದು ಕರೆಯನ್ನೂ ಮಾಡದೆ ವರ್ಷಗಟ್ಟಲೆ ಕೇಳಿಕೊಂಡೇ ಇರುವವರು ಎಷ್ಟೋ ಮಂದಿ. ಬರುವ ಪತ್ರಗಳ ರಾಶಿಯೊಂದನ್ನೇ ನಂಬಿ ಕೂರಲಾಗದು ಎಂಬುದನ್ನು ಮನಗಂಡ ಬಿಬಿಸಿ, 1936ರಲ್ಲೇ ಕೇಳುಗರ ಸಂಶೋಧನೆಯ ಕೆಲಸವನ್ನು ರಾಬರ್ಟ್ ಸಿಲ್ವಿ ಅವರಿಗೆ ಒಪ್ಪಿಸಿತು. ಇಂದು ಪತ್ರದ ಜಾಗಕ್ಕೆ ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ಅದನ್ನೇ ಅಳತೆ ಎಂದುಕೊಳ್ಳುವ ತಪ್ಪು ಮಾತ್ರ ಹಾಗೇ ಉಳಿದಿದೆ.

ದೊಡ್ಡ ಸಮೀಕ್ಷೆಗೆ ಹಣವಿಲ್ಲದ ಸಣ್ಣ ನಿಲಯಗಳಿಗೆ, ಆನ್‌ಲೈನ್ ರೇಡಿಯೊ ನಡೆಸುವವರಿಗೆ ಈ ಬರಹ.

ಮೊದಲು ಮೂರು ಲೆಕ್ಕಗಳನ್ನು ಬಿಡಿಸಿಡಿ

ವಾರದಲ್ಲಿ ಒಮ್ಮೆಯಾದರೂ ನಿಮ್ಮ ನಿಲಯ ಕೇಳಿದವರ ಸಂಖ್ಯೆ ರೀಚ್. ಅವರೆಲ್ಲ ಸೇರಿ ಎಷ್ಟು ಗಂಟೆ ಕೇಳಿದರು ಎಂಬುದು ಒಟ್ಟು ಕೇಳುವಿಕೆ. ಜನ ರೇಡಿಯೊ ಕೇಳಿದ ಎಲ್ಲ ಗಂಟೆಗಳಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಶೇರ್. ಜಾಹೀರಾತುದಾರರ ಮುಂದೆ ಎಲ್ಲರೂ ಹಿಡಿದು ತೋರಿಸುವುದು ಈ ಕೊನೆಯದನ್ನೇ, ಹೆಚ್ಚು ಮೋಸ ಮಾಡುವುದೂ ಅದೇ. ಕಳೆದ ವರ್ಷ ಎಲ್ಲ ನಿಲಯಗಳದ್ದೂ ಸೇರಿ 1,00,000 ಗಂಟೆ, ಅದರಲ್ಲಿ ನಿಮ್ಮದು 10,000 ಎಂದಿಟ್ಟುಕೊಳ್ಳಿ. ಶೇರ್ 10 ಪ್ರತಿಶತ. ಈ ವರ್ಷ ಒಂದಷ್ಟು ಜನ ಹಾಡಿನ ಆ್ಯಪ್‌ಗಳ ಕಡೆ, ಪಾಡ್‌ಕಾಸ್ಟ್ ಕಡೆ ಹೋದರು. ಒಟ್ಟು 80,000 ಗಂಟೆಗೆ ಇಳಿಯಿತು, ನಿಮ್ಮದು 8,800 ಆಯಿತು. ಶೇರ್ 11 ಪ್ರತಿಶತಕ್ಕೆ ಏರಿತು! ನಿಜದಲ್ಲಿ ನೀವು ಕಳೆದುಕೊಂಡದ್ದು 1,200 ಗಂಟೆ.

ಹಾಗಾಗಿ ಗಂಟೆಗಳ ಲೆಕ್ಕದಿಂದ ಶುರುಮಾಡಿ, ಅದನ್ನು ಇನ್ನೂ ಒಂದು ಹಂತ ಒಡೆಯಿರಿ. ವಾರಕ್ಕೆ 2,000 ಕೇಳುಗರು, ಒಟ್ಟು 9,000 ಗಂಟೆ ಎಂದರೆ ತಲೆಗೆ ನಾಲ್ಕೂವರೆ ಗಂಟೆ. ಅದು ಒಂಬತ್ತು ಭೇಟಿ (ಒಮ್ಮೆ ನಿಲಯ ಹಾಕಿ ನಿಲ್ಲಿಸುವವರೆಗಿನದ್ದು ಒಂದು ಭೇಟಿ), ಭೇಟಿಗೆ ಅರ್ಧ ಗಂಟೆಯಂತೆ ಬಂದದ್ದಿರಬಹುದು. ಪ್ರತಿಯೊಬ್ಬರೂ ವಾರದಲ್ಲಿ ಇನ್ನೊಂದೇ ಸಲ ಬಂದರೆ 1,000 ಗಂಟೆ ಕೂಡುತ್ತದೆ. ಭೇಟಿಯನ್ನು ಉದ್ದ ಮಾಡಿ ಅಷ್ಟೇ ಗಳಿಸಬೇಕೆಂದರೆ ಎಲ್ಲ ಒಂಬತ್ತು ಭೇಟಿಗಳನ್ನೂ ಮೂರು ನಿಮಿಷಕ್ಕಿಂತ ಹೆಚ್ಚು ಹಿಗ್ಗಿಸಬೇಕು. ಕಾಗದದ ಮೇಲೆ ಅದು ಸುಲಭವಾಗಿ ಕಾಣುತ್ತದೆ. ಆದರೆ ಭೇಟಿಯ ಉದ್ದವನ್ನು ತೀರ್ಮಾನಿಸುವುದು ಕೇಳುಗರ ದಿನಚರಿ. ಕಾರು ನಿಲ್ಲಿಸಿ ಇಳಿಯಬೇಕಾದವರನ್ನು ಎಂಥ ಹಾಡೂ ಕಟ್ಟಿಹಾಕದು. ಮತ್ತೆ ಬರುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಕಾರ್ಯಕ್ರಮದ ಯೋಜನೆಯೆಲ್ಲ ನಿಲ್ಲಬೇಕಾದದ್ದು ಈ ನೆಲದ ಮೇಲೆ ಎಂದು ನನ್ನ ಗಟ್ಟಿ ನಂಬಿಕೆ.

ಅಳೆಯುವ ಸಾಧನದ ಕಿವಿ ಎಂಥದ್ದು ತಿಳಿಯಿರಿ

ಅಮೆರಿಕದಲ್ಲಿ 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿ ಅವರ ತಂಡ ಮನೆಗಳಿಗೆ ಫೋನ್ ಮಾಡಿ, ಹಿಂದಿನ ದಿನ ಏನು ಕೇಳಿದಿರಿ ಎಂದು ವಿಚಾರಿಸುತ್ತಿತ್ತು. ನೆನಪು ಕೈಕೊಡುತ್ತದಲ್ಲ? ಅದೇ ದಶಕದಲ್ಲಿ ಸಿ. ಇ. ಹೂಪರ್ ಪ್ರಶ್ನೆಯನ್ನು ಬದಲಿಸಿದರು: ಈಗ, ಈ ಕ್ಷಣ, ರೇಡಿಯೊದಲ್ಲಿ ಏನು ಕೇಳುತ್ತಿದ್ದೀರಿ? ಆಮೇಲೆ ಬಂದದ್ದು ನೀಲ್ಸನ್ ಕಂಪನಿಯ ಆಡಿಮೀಟರ್. 1942ರಲ್ಲಿ ಶುರುವಾದ ಆ ಸೇವೆಯಲ್ಲಿ, ರೇಡಿಯೊ ಯಾವಾಗ ಹೊತ್ತಿತು, ಮುಳ್ಳು ಯಾವ ನಿಲಯದ ಮೇಲೆ ನಿಂತಿತು ಎಂಬುದನ್ನು ಪೆಟ್ಟಿಗೆಯೇ ದಾಖಲಿಸುತ್ತಿತ್ತು. ಕೋಣೆಯಲ್ಲಿ ಯಾರಾದರೂ ಇದ್ದರೇ ಎಂಬುದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ದಿನವಿಡೀ ಹಾಡುತ್ತಿರುವ ಇಂದಿನ ಸ್ಮಾರ್ಟ್ ಸ್ಪೀಕರ್‌ನದ್ದೂ ಅದೇ ಕಥೆ.

ಡೈರಿ ಪದ್ಧತಿಯಲ್ಲಿ ಕೇಳುಗರು ತಾವೇ ಬರೆಯುತ್ತಾರೆ. ಜನ ಏಳರಿಂದ ಒಂಬತ್ತು ಎಂದು ದುಂಡಗೆ ಬರೆಯುತ್ತಾರೆ, ಹೆಸರು ನೆನಪಿರುವ ನಿಲಯವನ್ನೇ ಬರೆಯುತ್ತಾರೆ. ನಿಲಯದ ಹೆಸರನ್ನು ಮೇಲಿಂದ ಮೇಲೆ ಹೇಳುವ ರೂಢಿಗೆ ಅದು ದೊಡ್ಡ ಕಾರಣ. ಆರ್ಬಿಟ್ರಾನ್ ಸಂಸ್ಥೆಯ ಪೋರ್ಟಬಲ್ ಪೀಪಲ್ ಮೀಟರ್ ಬಂದ ಮೇಲೆ ಚಿತ್ರವೇ ಬದಲಾಯಿತು. ಮೈಮೇಲೆ ಧರಿಸುವ ಈ ಪುಟ್ಟ ಸಾಧನ, ಪ್ರಸಾರದೊಳಗೆ ಅಡಗಿಸಿಟ್ಟ, ಮನುಷ್ಯರ ಕಿವಿಗೆ ಬೀಳದ ಸಂಕೇತವನ್ನು ಹಿಡಿಯುತ್ತದೆ. 2007ರಲ್ಲಿ ಹ್ಯೂಸ್ಟನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಡೈರಿಯ ಜಾಗಕ್ಕೆ ಅದು ಬಂದಾಗ, ಜನ ಬರೆದದ್ದಕ್ಕಿಂತ ಹೆಚ್ಚು ನಿಲಯಗಳನ್ನು ಕೇಳುತ್ತಾರೆ, ಒಂದೊಂದರಲ್ಲೂ ಕಡಿಮೆ ಹೊತ್ತು ನಿಲ್ಲುತ್ತಾರೆ ಎಂಬುದು ಕಣ್ಣಿಗೆ ಬಿತ್ತು. ಈ ಮೀಟರಿಗೂ ಕೊರತೆಯಿದೆ. ಸದ್ದು ದಟ್ಟವಾಗಿದ್ದಲ್ಲಿ ಸಂಕೇತ ಚೆನ್ನಾಗಿ ಅಡಗುತ್ತದೆ, ಮೆಲುಮಾತು ಮತ್ತು ಮೌನದ ನಡುವೆ ಜಾರಿಹೋಗಬಹುದು. ಮಾತಿನ ನಿಲಯಗಳು ತಮಗೆ ಅನ್ಯಾಯವಾಗುತ್ತಿದೆ ಎಂದು ಕೂಗಿದ ಮೇಲೆ, ಆ ಹೊತ್ತಿಗೆ ಆರ್ಬಿಟ್ರಾನನ್ನು ಕೊಂಡಿದ್ದ ನೀಲ್ಸನ್ 2015ರಲ್ಲಿ ಸಂಕೇತವನ್ನು ಬಲಪಡಿಸಿತು.

ನಿಯಮವೂ ಬದಲಾಗುತ್ತದೆ. ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದರೆ ಇಡೀ ಕಾಲು ಗಂಟೆ ನಿಲಯದ ಖಾತೆಗೆ ಬೀಳುತ್ತಿತ್ತು. ನೀಲ್ಸನ್ 2025ರ ಜನವರಿಯಿಂದ ಮೀಟರ್ ಇರುವ ಕಡೆ ಅದನ್ನು ಮೂರು ನಿಮಿಷಕ್ಕೆ ಇಳಿಸಿತು. ಕೇಳುಗರು ಒಬ್ಬರೂ ಹೆಚ್ಚಾಗದೆ ಅಂಕಿ ಏರಬಹುದು. ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಡುವ ಮುನ್ನ ನಡುವೆ ಅಳತೆಗೋಲು ಬದಲಾಗಿದೆಯೇ ಎಂದು ಕೇಳಿ.

ನಿಮ್ಮದೇ ಡೈರಿ ಹಂಚಿ

ದಿನಕ್ಕೊಂದು ಪುಟ, ಒಂದು ವಾರ. ಕಾಲಂಗಳು ಇಷ್ಟೇ: ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ಯಾವ ನಿಲಯ ಅಥವಾ ಆ್ಯಪ್, ಎಲ್ಲಿ ಕೂತು, ಯಾವುದರಲ್ಲಿ. ಕೊನೆಗೊಂದು ಅಗಲವಾದ ಕಾಲಂ ಬಿಡಿ: ಯಾಕೆ ನಿಲ್ಲಿಸಿದಿರಿ? ಉಳಿದ ಕಾಲಂಗಳಿಗಿಂತ ಇದು ದುಬಾರಿ ಸರಕು. ‘ಆಫೀಸು ಬಂತು’ ಎಂದು ಬರೆದವರು ಮತ್ತೆ ಬರುತ್ತಾರೆ. ‘ಜಾಹೀರಾತು ಮುಗಿಯಲೇ ಇಲ್ಲ’ ಎಂದು ಬರೆದವರು ಬೇರೆಡೆ ಹೋಗಿದ್ದಾರೆ.

ಮುಖಪುಟದಲ್ಲಿ ನಿಮ್ಮ ನಿಲಯದ ಹೆಸರು ಹಾಕಬೇಡಿ. ಹಾಕಿದರೆ ಜನ ನಿಮ್ಮನ್ನು ಮೆಚ್ಚಿಸಲು ಬರೆಯುತ್ತಾರೆ. ನಿಮ್ಮ ಅಭಿಮಾನಿಗಳ ಗುಂಪಿನಿಂದ ಜನರನ್ನು ಆರಿಸಬೇಡಿ. ಪ್ರತಿ ರಾತ್ರಿ ಆ ದಿನದ ಪುಟದ ಫೋಟೊ ತರಿಸಿಕೊಳ್ಳಿ, ಇಲ್ಲವಾದರೆ ಏಳು ದಿನದ್ದನ್ನೂ ಕೊನೆಯ ಸಂಜೆ ಒಟ್ಟಿಗೆ ತುಂಬಿಬಿಡುತ್ತಾರೆ.

ಎಷ್ಟು ಜನ ಬೇಕು? ಕಾರಣಗಳನ್ನು ತಿಳಿಯಲು ನೂರು ಡೈರಿ ಧಾರಾಳ. ಪ್ರತಿಶತ ಹೇಳಲು ಮಾತ್ರ ಸಾಲದು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ 400 ಜನರಲ್ಲಿ 10 ಪ್ರತಿಶತ ನಿಮ್ಮ ನಿಲಯ ಕೇಳಿದ್ದಾರೆ ಎಂದು ಬಂದರೂ, ನಿಜವಾದ ಅಂಕಿ 7 ಮತ್ತು 13ರ ನಡುವೆ ಎಲ್ಲಿಯೂ ಇರಬಹುದು. ಮುಂದಿನ ಸಲ 11 ಬಂದರೆ ಸಂಭ್ರಮವೂ ಬೇಡ, 9 ಬಂದರೆ ನಿರೂಪಕರ ಮೇಲೆ ಸಿಟ್ಟೂ ಬೇಡ.

ಸರ್ವರ್ ಲಾಗ್ ಓದಿ, ಅನುಮಾನದಿಂದ

ಸ್ಟ್ರೀಮಿಂಗ್ ಇದ್ದರೆ ಅದೃಷ್ಟ. ಯಾವ ನಿಮಿಷದಲ್ಲಿ ಎಷ್ಟು ಸಂಪರ್ಕ ತೆರೆದಿತ್ತು ಎಂಬುದು ಸರ್ವರ್ ತಾನೇ ಬರೆದಿಡುವ ಲಾಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಕಸ ತೆಗೆಯಿರಿ: ಒಂದು ನಿಮಿಷಕ್ಕಿಂತ ಚಿಕ್ಕ ಸಂಪರ್ಕಗಳು, ಬಾಟ್‌ಗಳು (ಮನುಷ್ಯರಿಲ್ಲದೆ ತಾವಾಗಿಯೇ ಸಂಪರ್ಕಿಸುವ ಪ್ರೋಗ್ರಾಂಗಳು), ರಾತ್ರಿಯಿಡೀ ತೆರೆದೇ ಇರುವ ಸಾಧನಗಳು. ಉಳಿದದ್ದನ್ನು ನಿಮಿಷ ನಿಮಿಷಕ್ಕೆ ಗೆರೆ ಎಳೆದು ಆ ದಿನದ ಕ್ಯೂ ಶೀಟ್ (ಯಾವ ಹೊತ್ತಿಗೆ ಏನು ಪ್ರಸಾರವಾಯಿತು ಎಂಬ ಪಟ್ಟಿ) ಪಕ್ಕ ಇಡಿ. ಸ್ಟ್ರೀಮ್ ಎಷ್ಟೋ ಸೆಕೆಂಡು ತಡವಾಗಿ ತಲುಪುತ್ತದೆ. ಆ ತಡವನ್ನು ಕಳೆಯದಿದ್ದರೆ ಜಾಹೀರಾತಿನ ತಪ್ಪು ಅದರ ನಂತರದ ಹಾಡಿನ ತಲೆಗೆ ಬರುತ್ತದೆ. ಜನ ಗುಂಪಾಗಿ ಎದ್ದುಹೋದ ನಿಮಿಷ ಸಿಕ್ಕಾಗ ಆ ಭಾಗದ ಧ್ವನಿಮುದ್ರಣವನ್ನು ತಂಡದ ಜತೆ ಕೂತು ಕೇಳಿ. ನಮ್ಮದೇ ಪ್ರಸಾರವನ್ನು ಕೇಳುಗರಾಗಿ ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಪಾಡ್‌ಕಾಸ್ಟ್ ಡೌನ್‌ಲೋಡ್ ಅಂಕಿಯನ್ನು ಈ ಗೆರೆಗೆ ಸೇರಿಸಬೇಡಿ. ಇಳಿಸಿಕೊಂಡದ್ದೆಲ್ಲ ಕೇಳಿದ್ದಲ್ಲ. 2023ರಲ್ಲಿ ಆ್ಯಪಲ್ ತನ್ನ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಕಂತುಗಳು ತಾವಾಗಿಯೇ ಇಳಿಯುವ ರೀತಿಯನ್ನು ಬದಲಿಸಿದಾಗ ಅನೇಕ ಕಾರ್ಯಕ್ರಮಗಳ ಡೌನ್‌ಲೋಡ್ ಕುಸಿಯಿತು. ಕೇಳುಗರು ಎಲ್ಲಿಗೂ ಹೋಗಿರಲಿಲ್ಲ.

ಗಂಟೆಯ ಚಕ್ರ ಬರೆಯಿರಿ

ಒಂದು ದೊಡ್ಡ ವೃತ್ತ ಬರೆದು ಅರವತ್ತು ನಿಮಿಷ ಗುರುತಿಸಿ. ಸುದ್ದಿ, ಹಾಡು, ಮಾತು, ಜಾಹೀರಾತು ಎಲ್ಲೆಲ್ಲಿ ಎಂದು ತುಂಬಿ. ಕಾಲು ಗಂಟೆಯ ನಿಯಮ ನೋಡಿಕೊಂಡು, 00, 15, 30, 45ರ ಗಡಿಗಳಲ್ಲಿ ಹಾಡು ಹರಿಯುವಂತೆ, ಜಾಹೀರಾತು ನಡುವೆ ಬೀಳುವಂತೆ ಇಡುವ ರೂಢಿಯೊಂದು ರೇಡಿಯೊ ವೃತ್ತಿಯಲ್ಲಿದೆ. ನಿಮ್ಮನ್ನು ಆ ನಿಯಮದಲ್ಲಿ ಯಾರೂ ಅಳೆಯುತ್ತಿಲ್ಲವಾದರೆ ಅದನ್ನು ನಕಲು ಮಾಡುವುದರಲ್ಲಿ ಅರ್ಥವಿಲ್ಲ.

ನಿಮ್ಮ ಡೈರಿಯಲ್ಲಿ ಬೆಳಗಿನ ಭೇಟಿ ಸಾಮಾನ್ಯವಾಗಿ ಇಪ್ಪತ್ತು ನಿಮಿಷದ್ದಿದ್ದರೆ, ಚಕ್ರವನ್ನು ಇಪ್ಪತ್ತು ನಿಮಿಷದ ಮೂರು ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಬಂದವರಿಗೆ ಮುಖ್ಯ ಸುದ್ದಿ ಸಿಗಬೇಕು, ಆ ನಿಲಯದಲ್ಲಷ್ಟೇ ಸಿಗುವ ಏನಾದರೊಂದು ಸಿಗಬೇಕು. ಅದನ್ನೇ ಮೂರು ಸಲ ಹೇಳಿದಂತಾಗುವುದಿಲ್ಲವೇ ಎಂದು ನಿರೂಪಕರು ಬೇಸರಪಡುತ್ತಾರೆ. ಮೂರೂ ಸಲ ಕೇಳುತ್ತಿರುವವರು ಸ್ಟುಡಿಯೊದಲ್ಲಿರುವ ನಾವೇ. ಪ್ರತಿ ತುಂಡಿನಲ್ಲಿ ಮರಳಿ ಬರಲು ಒಂದು ಕಾರಣವೂ ಇರಲಿ. ‘ಮುಂದೆ ಇನ್ನೂ ಬಹಳಷ್ಟಿದೆ, ಕೇಳ್ತಾ ಇರಿ’ ಎಂಬುದು ಕಾರಣವಲ್ಲ. ‘ಅರ್ಜಿಯಲ್ಲಿ ಜನ ಮಾಡುವ ಮೂರು ತಪ್ಪುಗಳನ್ನು ಸಂಜೆ 5:40ಕ್ಕೆ ಹೇಳ್ತೀವಿ’ ಎಂಬುದು ಕಾರಣ. ಹೊತ್ತು ಹೇಳಿ, ಹೇಳಿದ ಹೊತ್ತಿಗೇ ಕೊಡಿ. ಒಮ್ಮೆ ತಪ್ಪಿಸಿದರೆ ಆ ನಂಬಿಕೆಯನ್ನು ಕಟ್ಟಲು ತಿಂಗಳುಗಳು ಬೇಕು.

ಹಾಡುಗಳ ಸಂಖ್ಯೆಯಲ್ಲಿ ಆ್ಯಪ್‌ಗಳ ಜತೆ ಸ್ಪರ್ಧೆಗಿಳಿಯಬೇಡಿ, ಅಲ್ಲಿ ಗೆಲುವಿಲ್ಲ. ಇಂಥ ಹೊತ್ತಿಗೆ ಇಂಥ ಮನುಷ್ಯರು ಇಂಥದ್ದನ್ನು ಹೇಳುತ್ತಾರೆ ಎಂಬ ಕಾಯುವಿಕೆಯನ್ನು ಹುಟ್ಟಿಸಬಲ್ಲದ್ದು ನಿಲಯ.

ಒಂದನ್ನೇ ಬದಲಿಸಿ

ಹೊಸ ನಿರೂಪಕರು, ಹೊಸ ಜಿಂಗಲ್, ಹೊಸ ವೇಳೆ ಎಲ್ಲವನ್ನೂ ಒಂದೇ ವಾರ ತಂದರೆ, ಯಾವುದು ಕೆಲಸ ಮಾಡಿತು ಎಂದು ಯಾರೂ ಹೇಳಲಾರರು. ಒಂದನ್ನು ಬದಲಿಸಿ, ಕನಿಷ್ಠ ಎಂಟು ವಾರ ಬಿಡಿ. ಅಭ್ಯಾಸ ಬೇರೂರಲು ಅಷ್ಟು ಬೇಕು. ಆಮೇಲೆ ಅದೇ ಡೈರಿ, ಅದೇ ಪ್ರಶ್ನೆ, ಅದೇ ರೀತಿ ಆರಿಸಿದ ಹೊಸ ಜನ. ರೀಚ್ ಅಲ್ಲಾಡದೆ ತಲೆಗೆ ಒಂಬತ್ತಿದ್ದ ಭೇಟಿ ಹತ್ತಾಗಿದ್ದರೆ ಬದಲಾವಣೆಯನ್ನು ಉಳಿಸಿಕೊಳ್ಳಿ. ಭೇಟಿ ಕಡಿಮೆಯಾಗಿದ್ದರೆ, ಬೇಸತ್ತು ನಿಲ್ಲಿಸಿದ್ದಾಗಿ ಕೊನೆಯ ಕಾಲಂನಲ್ಲಿ ಬರೆದವರಲ್ಲಿ ಹತ್ತು ಜನಕ್ಕೆ ನೀವೇ ಫೋನ್ ಮಾಡಿ, ನಡುವೆ ಬಾಯಿಹಾಕದೆ ಕೇಳಿಸಿಕೊಳ್ಳಿ.