ಮನೆ ತುಂಬಾ ಜನ ಇದ್ದಾಗ ಯಾವ ಆಟ ಆಡಿಸೋದು?

ಮೊದಲು ತಲೆ ಎಣಿಸಿ. ಲೂಡೋ, ಕೇರಂ ಎರಡೂ ನಾಲ್ಕೇ ಜನಕ್ಕೆ, ಉಳಿದವರು ಸುಮ್ನೆ ಮೊಬೈಲ್ ಹಿಡಿದು ಕೂರುತ್ತಾರೆ. ಹೋದ ದೀಪಾವಳಿಗೆ ದಾವಣಗೆರೆಯ ನಮ್ಮ ಮನೆಯಲ್ಲಿ ಹದಿನೆಂಟು ಜನ ಸೇರಿದ್ದರು, ನಾನು ಆಸೆಪಟ್ಟು ತಂದ ಕ್ವಿಜ್ ಡಬ್ಬದಲ್ಲಿ ನೋಡಿದರೆ ಬರೀ ಅಮೆರಿಕದ ಪ್ರಶ್ನೆಗಳು, ಹತ್ತೇ ನಿಮಿಷಕ್ಕೆ ಎಲ್ಲರೂ ಮಂಡಕ್ಕಿ-ಮಿರ್ಚಿ ಕಡೆ ಎದ್ದು ಹೋದರು.

ಅದಕ್ಕೇ ಪ್ರಶ್ನೆ ನೀವೇ ಬರೆಯಿರಿ. ಹಳೇ ಲಗ್ನಪತ್ರಿಕೆಯ ಹಿಂಬದಿ ಸಾಕು. ‘ದಾವಣಗೆರೆ ಜಿಲ್ಲೆ ಆಗಿದ್ದು ಯಾವಾಗ?’ ಅಂದರೆ ಮೂಲೆಯಲ್ಲಿ ಕೂತ ಅಜ್ಜನೂ 1997 ಅಂತ ಕೂಗುತ್ತಾರೆ. ನಾಲ್ಕೈದು ಜನರ ತಂಡ ಮಾಡಿ, ಪ್ರತಿ ತಂಡದಲ್ಲೂ ಒಬ್ಬರು ಹಿರಿಯರು, ಒಂದು ಮಗು ಇರಲಿ.

ಕೊಳ್ಳಲೇಬೇಕು ಅಂದರೆ ಸುಳಿವು ಕೊಟ್ಟು ಪದ ಊಹಿಸುವ ಕೋಡ್‌ನೇಮ್ಸ್ ಆಟ ನೋಡಿ. ಮೇಜಿನ ಮೇಲೆ 25 ಪದ, ಎರಡು ತಂಡ, ಸುಳಿವು ಒಂದೇ ಪದ, ಜೊತೆಗೆ ಅದಕ್ಕೆ ಎಷ್ಟು ಪದ ಹೊಂದುತ್ತವೆ ಅನ್ನೋ ಒಂದು ಸಂಖ್ಯೆ. ಇಂಗ್ಲಿಷ್ ಕಷ್ಟ ಅಲ್ವಾ? ನಾವು ಚೀಟಿಗಳಲ್ಲಿ ಕನ್ನಡ ಪದ ಬರೆದುಕೊಂಡೆವು, ‘ಓಬವ್ವ, 2’ ಅಂದ ಕೂಡಲೇ ಅತ್ತೆ ಒನಕೆ, ಕೋಟೆ ಎರಡನ್ನೂ ತಟ್ಟಿಬಿಟ್ಟರು.

ಇಪ್ಪತ್ತು ಜನಕ್ಕಿಂತ ಜಾಸ್ತಿ ಆದರೆ, ಕೂಗಿದ ಸಂಖ್ಯೆಯನ್ನು ಟಿಕೆಟ್‌ನಲ್ಲಿ ಹೊಡೆಯುತ್ತಾ ಹೋಗುವ ಹೌಸಿಯೇ ಸರಿ. 1ರಿಂದ 90, ಟಿಕೆಟ್‌ಗೆ 15 ಸಂಖ್ಯೆ. ಕೂಗುವವರ ಗಂಟಲು ಮಾತ್ರ ಗಟ್ಟಿ ಇರಬೇಕು.