ಪೇಗನ್ ದಾರಿಯ ಮೊದಲ ವರ್ಷ: ಕೈಯಿಂದ ಶುರು ಮಾಡಿ

‘ನಾನು ಪೇಗನ್’, ಅಂದರೆ ಕ್ರೈಸ್ತಧರ್ಮಕ್ಕೂ ಮುಂಚಿನ ಯುರೋಪಿನ ದೇವರನ್ನೋ ನಿಸರ್ಗವನ್ನೋ ಆರಾಧಿಸುವವನು, ಎನ್ನುವ ಹತ್ತು ಮಂದಿಯನ್ನು ಲಂಡನ್ನಿನ ಒಂದು ಕೋಣೆಯಲ್ಲಿ ಕೂರಿಸಿ, ದೇವರು ಎಷ್ಟು ಎಂದು ಕೇಳಿದರೆ ಹತ್ತು ಉತ್ತರ ಬರುತ್ತದೆ. ಒಬ್ಬರಿಗೆ ಚಂದ್ರನ ದೇವಿ ಮತ್ತು ಕೊಂಬಿನ ದೇವರು. ಇನ್ನೊಬ್ಬರಿಗೆ ಹಳೆಯ ನಾರ್ಸ್ ದೇವತೆಗಳಾದ ಓಡಿನ್, ಥಾರ್, ಫ್ರೇಯಾ. ಮತ್ತೊಬ್ಬರಿಗೆ ದೇವರ ಗೊಡವೆಯೇ ಬೇಡ, ಓಕ್ ಮರ ಮತ್ತು ಋತು ಸಾಕು. ಹಾಗಾಗಿ ನಂಬಿಕೆ ಯಾವುದೆಂದು ತೀರ್ಮಾನಿಸಿಕೊಂಡೇ ಶುರು ಮಾಡುತ್ತೇನೆ ಎನ್ನುವವರು ಪುಸ್ತಕ ಕೊಳ್ಳುವುದರಲ್ಲೇ ಉಳಿದುಬಿಡುತ್ತಾರೆ. ಈ ದಾರಿಗಳ ನಿಜವಾದ ವ್ಯತ್ಯಾಸ ಇರುವುದು ಕೈ ಮಾಡುವ ಕೆಲಸದಲ್ಲಿ. ಒಂದು ಆಚರಣೆ ಆರಿಸಿ, ಒಂದು ವರ್ಷ ಒಂದು ದಿನ ಅದನ್ನೇ ಮಾಡಿ ನೋಡಿ. ದೇವಿ-ದೇವರನ್ನು ವೃತ್ತದೊಳಗೆ ಕರೆಯುವ ವಿಕ್ಕ ಎಂಬ ಪಂಥದಲ್ಲಿ ದೀಕ್ಷೆಗೆ ಮುಂಚೆ ಕಾಯಿಸುವ ಅವಧಿಯೂ ಸಾಮಾನ್ಯವಾಗಿ ಇಷ್ಟೇ.

ಆರಿಸುವ ಮುನ್ನ

ಸಾವಿರಾರು ವರ್ಷಗಳಿಂದ ಕೊಂಡಿ ಕಳಚದೆ ಬಂದ ಪರಂಪರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಕ್ಕವನ್ನು ಬೆಳಕಿಗೆ ತಂದವರು ಜೆರಾಲ್ಡ್ ಗಾರ್ಡ್ನರ್, ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದ ಇಂಗ್ಲಿಷರು. ಬ್ರಿಟನ್ನಿನ ಹಳೆಯ ಮಾಟದ ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಅವರ ಪುಸ್ತಕ ಬಂತು. ಹಳೆಯ ಕೆಲ್ಟ್ ಪುರೋಹಿತರಾದ ಡ್ರೂಯಿಡರ ಹೆಸರಿನಲ್ಲಿ ರಾಸ್ ನಿಕೋಲ್ಸ್ ತಮ್ಮ ಡ್ರೂಯಿಡ್ ಸಂಘ ಕಟ್ಟಿದ್ದು 1964ರಲ್ಲಿ. ನಾರ್ಸ್ ದೇವರನ್ನು ಪೂಜಿಸುವ ಐಸ್‌ಲೆಂಡಿನ ಆಸಾತ್ರು ಸಂಘ 1972ರದು, ಸರ್ಕಾರದ ಮಾನ್ಯತೆ ಸಿಕ್ಕಿದ್ದು 1973ರಲ್ಲಿ. ಹೊಸದಾದರೆ ಕೆಟ್ಟದ್ದೇನಿಲ್ಲ, ಹೊಸದನ್ನು ಹಳೆಯದೆಂದು ಮಾರುವವರಿಂದ ದೂರವಿರಿ, ಅಷ್ಟೇ.

ಕ್ರಮಬದ್ಧವಾದ ವಿಧಿ, ದಿಕ್ಕು, ಮಂತ್ರದಂಥ ಮಾತು ಹಿಡಿಸುವವರಿಗೆ ವಿಕ್ಕ. ಬಯಲು, ಮರ, ಕವಿತೆ ಎಂದರೆ ಡ್ರೂಯಿಡ್ ದಾರಿ. ಕೊಟ್ಟ ಮಾತು, ಹಿರಿಯರು, ಹಂಚಿ ಕುಡಿಯುವ ಕೊಂಬು ಎಂದರೆ ಓಡಿನ್, ಥಾರ್‌ರನ್ನು ಪೂಜಿಸುವ ಹೀದನ್ ಅಥವಾ ಆಸಾತ್ರು. ದಿನಾ ಬೆಳಿಗ್ಗೆ ಮನೆಯಲ್ಲೇ ಸಣ್ಣ ಅರ್ಪಣೆ ಸಾಕು ಎನ್ನುವವರಿಗೆ ಗ್ರೀಕ್ ದೇವತೆಗಳ ಪೂಜೆ. ನಮ್ಮ ದೇವರ ಮನೆಯ ಅಭ್ಯಾಸ ಇರುವವರಿಗೆ ಇದೇ ಬೇಗ ಕೈಗೆ ಹತ್ತುತ್ತದೆ.

ವಿಕ್ಕದ ವೃತ್ತ

ಸಾಂಪ್ರದಾಯಿಕ ಅಳತೆ 9 ಅಡಿ ವ್ಯಾಸ. ನಾಲ್ಕೂವರೆ ಅಡಿ ದಾರದ ಒಂದು ತುದಿಯನ್ನು ನಡುವೆ ಹಿಡಿಸಿ ಸುತ್ತು ಗುರುತು ಮಾಡಿದರಾಯಿತು. ಫ್ಲಾಟಿನಲ್ಲಿ 5 ಅಡಿಗೆ ಇಳಿಸಿ. ಕೈ ಚಾಚಿ ತಿರುಗಿದಾಗ ಪರದೆಗೂ ಮೇಣದಬತ್ತಿಗೂ ತಾಗಬಾರದು. ನಡುವೆ ಸಣ್ಣ ಮೇಜು. ಅದರ ಮೇಲೆ ಒಂದು ಬಟ್ಟಲು ನೀರು, ಒಂದು ತಟ್ಟೆ ಉಪ್ಪು, ಧೂಪ, ಎರಡು ಮೇಣದಬತ್ತಿ, ಒಂದು ಲೋಟ ವೈನ್ ಅಥವಾ ಹಣ್ಣಿನ ರಸ, ಎರಡು ಬಿಸ್ಕತ್ತು. ‘ಅಥಾಮೆ’ ಎಂಬ ಕಪ್ಪು ಹಿಡಿಯ ಚೂರಿ ಇಲ್ಲದಿದ್ದರೆ ತೋರುಬೆರಳೇ ಸಾಕು. ಬ್ರಿಟನ್ನಿನಲ್ಲಿರುವವರು ಆ ಚೂರಿಯನ್ನು ಚೀಲದಲ್ಲಿಟ್ಟುಕೊಂಡು ಪಾರ್ಕಿಗೆ ಹೋಗಬೇಡಿ. ಸೂಕ್ತ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚೂರಿ ಇಟ್ಟುಕೊಳ್ಳುವುದು ಅಲ್ಲಿ ಅಪರಾಧ.

ನೀರಿಗೆ ಮೂರು ಚಿಟಿಕೆ ಉಪ್ಪು ಹಾಕಿ ಕಲಕಿ. ಪೂರ್ವದಿಂದ ಹೊರಟು ಪ್ರದಕ್ಷಿಣೆಯಾಗಿ ಮೂರು ಸುತ್ತು: ಮೊದಲನೆಯದರಲ್ಲಿ ಚೂರಿಯಿಂದ ಗಡಿ ಎಳೆಯುವುದು, ಎರಡನೆಯದರಲ್ಲಿ ಉಪ್ಪುನೀರು ಚಿಮುಕಿಸುವುದು, ಮೂರನೆಯದರಲ್ಲಿ ಧೂಪ. ಸುತ್ತುಗಳ ಕ್ರಮ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ನೀವು ಒಂದನ್ನೇ ಹಿಡಿಯಿರಿ. ಆಮೇಲೆ ದಿಕ್ಕುಗಳ ಆಹ್ವಾನ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ. ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುವುದರಿಂದ ಅಲ್ಲಿನ ಎಷ್ಟೋ ಮಂದಿ ಬೆಂಕಿಯನ್ನು ಉತ್ತರಕ್ಕೆ ಇಡುತ್ತಾರೆ, ಸುತ್ತುವುದನ್ನೂ ತಿರುವು ಮಾಡುತ್ತಾರೆ. ಇಷ್ಟಾದ ಮೇಲೆ ದೇವಿ ಮತ್ತು ದೇವರನ್ನು ಕರೆದು, ಬಂದ ಕೆಲಸ ಹೇಳಿ, ಬಿಸ್ಕತ್ತು-ವೈನನ್ನು ಅರ್ಪಿಸಿ ತಿನ್ನಿ. ಕರೆದವರನ್ನೆಲ್ಲ ಬೀಳ್ಕೊಟ್ಟು ವೃತ್ತ ಬಿಚ್ಚಿ.

ಹೊಸಬರು ಎಡವುವುದು ಈ ಕೊನೆಯ ಹಂತದಲ್ಲೇ. ವೃತ್ತ ಬಿಚ್ಚದೆ ಫೋನ್ ಎತ್ತಿಕೊಂಡುಬಿಡುತ್ತಾರೆ. ಎರಡನೆಯ ತಪ್ಪು, ಬೆಂಕಿಪೊಟ್ಟಣವನ್ನು ಅಡುಗೆಮನೆಯಲ್ಲೇ ಮರೆಯುವುದು. ನಡುವೆ ಹೊರಗೆ ಹೋಗಲೇಬೇಕಾದರೆ ಗಾಳಿಯಲ್ಲಿ ಬಾಗಿಲು ಕತ್ತರಿಸಿದಂತೆ ಮಾಡಿ ಹೋಗಿ, ಬಂದು ಮುಚ್ಚಬೇಕು. ಮೂರನೆಯದು ಕತ್ತಲೆಯಲ್ಲಿ ಸಣ್ಣ ಅಕ್ಷರದ ಚೀಟಿ ಓದುವುದು. ನಾಲ್ಕು ಸಾಲು ಬಾಯಿಪಾಠವಿದ್ದರೆ ನಾಲ್ಕು ಪುಟದ ಚೀಟಿಗಿಂತ ಮೇಲು.

ಧೂಪಕ್ಕೆ ಇದ್ದಿಲ ಬಿಲ್ಲೆ ಬಳಸುವುದಾದರೆ ದಪ್ಪ ಲೋಹದ ಬಟ್ಟಲಲ್ಲಿ ಎರಡು ಇಂಚು ಮರಳು ಹಾಕಿ ಅದರ ಮೇಲಿಡಿ. ಗಾಜಿನ ಬಟ್ಟಲು ಸೀಳುತ್ತದೆ. ಕಿಟಕಿ ಸ್ವಲ್ಪ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ಅಂಗಡಿಯವರು ಬಿಳಿ ಸೇಜ್ ಕಟ್ಟು ತೋರಿಸುತ್ತಾರೆ. ಅದು ಅಮೆರಿಕದ ಮೂಲನಿವಾಸಿಗಳ ಆಚರಣೆಯ ಸೊಪ್ಪು. ರೋಸ್ಮರಿ ಸಾಕು, ಸಾಂಬ್ರಾಣಿಯೂ ನಡೆಯುತ್ತದೆ.

ಬ್ಲೋಟ್ ಮತ್ತು ಗ್ರೀಕ್ ಅರ್ಪಣೆ

ಇವೆರಡಕ್ಕೂ ಮೇಲಿನ ವೃತ್ತ ಬೇಕಿಲ್ಲ. ವಿಕ್ಕದ ಪುಸ್ತಕ ಓದಿ ಥಾರ್‌ಗೂ ಅದೇ ವಿಧಿ ಮಾಡುವುದು ಹೊಸಬರ ಮಾಮೂಲಿ ಎಡವಟ್ಟು. ‘ಯಾರಿಗೂ ಕೇಡಾಗದಿದ್ದರೆ ಇಷ್ಟಬಂದಂತೆ ಮಾಡು’ ಎಂಬುದೂ ವಿಕ್ಕದ ಸೂತ್ರವೇ, ಹೀದನ್ನರನ್ನು ಅದು ಕಟ್ಟಿಹಾಕುವುದಿಲ್ಲ.

ಬ್ಲೋಟ್ ಎಂದರೆ ಮೂಲದಲ್ಲಿ ಬಲಿ. ಇಂದು ಹೆಚ್ಚಿನ ಕಡೆ ಮೀಡ್, ಅಂದರೆ ಜೇನಿನ ಮದ್ಯ, ಇಲ್ಲವೇ ಸೇಬಿನ ರಸ. ಕೊಂಬಿಗೆ ತುಂಬಿ, ದೇವರ ಹೆಸರು ಹೇಳಿ, ಒಂದು ಗುಟುಕು ಕುಡಿದು, ಉಳಿದದ್ದನ್ನು ಬಟ್ಟಲಿಗೆ ಬಗ್ಗಿಸಿ, ಹಸಿರು ರೆಂಬೆಯಿಂದ ಎಲ್ಲರ ಮೇಲೂ ಚಿಮುಕಿಸಿ, ಕೊನೆಗೆ ನೆಲಕ್ಕೆ ಸುರಿಯುವುದು. ಕುಡಿಯುವಾಗ ಕೊಂಬಿನ ಚೂಪು ತುದಿ ಮೇಲಕ್ಕಿದ್ದರೆ ಗಾಳಿ ಒಳಗೆ ಸಿಕ್ಕಿ, ಗುಳುಕ್ಕೆಂದು ಮೀಡ್ ಪೂರಾ ಮುಖಕ್ಕೆ ಬರುತ್ತದೆ. ತುದಿಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿಯಿರಿ. ಮುಗಿದ ತಕ್ಷಣ ಉಗುರುಬೆಚ್ಚಗಿನ ನೀರಲ್ಲಿ ತೊಳೆಯದಿದ್ದರೆ ಕೊಂಬು ನಾರುತ್ತದೆ.

ಗ್ರೀಕ್ ವಿಧಿಗೆ ಮೊದಲು ಶುದ್ಧಿ. ಉರಿಯುವ ಕಡ್ಡಿಯನ್ನು ನೀರಿಗೆ ಅದ್ದಿ ಆರಿಸಿ, ಆ ನೀರಲ್ಲಿ ಕೈ-ಮುಖ ತೊಳೆಯಿರಿ. ಮೊದಲ ಅರ್ಪಣೆಯೂ ಕೊನೆಯದೂ ಒಲೆಯ ದೇವತೆ ಹೆಸ್ಟಿಯಾಗೆ. ಮೇಲಿನ ಲೋಕದ ದೇವರಿಗಾದರೆ ವೈನಿನ ಒಂದು ಪಾಲು ಸುರಿದು ಉಳಿದದ್ದನ್ನು ಕುಡಿಯಬಹುದು. ಪಾತಾಳದವರಿಗೂ ಸತ್ತವರಿಗೂ ಪೂರ್ತಿ ಸುರಿಯಬೇಕು.

ಹಬ್ಬದ ಚಕ್ರ, ಎಲ್ಲಿ ಕೂತು ಎಣಿಸುತ್ತೀರಿ?

ವಿಕ್ಕ ಮತ್ತು ಡ್ರೂಯಿಡ್ ದಾರಿಯವರಿಗೆ ವರ್ಷಕ್ಕೆ ಎಂಟು ಹಬ್ಬ: ಎರಡು ಅಯನ, ಎರಡು ವಿಷುವ, ಅವುಗಳ ನಡುವೆ ಐರಿಷ್ ಮೂಲದ ನಾಲ್ಕು, ಫೆಬ್ರವರಿ 1, ಮೇ 1, ಆಗಸ್ಟ್ 1 ಮತ್ತು ಅಕ್ಟೋಬರ್ 31. ದಕ್ಷಿಣ ಗೋಳಾರ್ಧದವರು ಆರು ತಿಂಗಳು ಸರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಬೇರೆಯದೇ ತೊಡಕು. ಲಂಡನ್ನಿನಲ್ಲಿ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ನಡುವೆ ಸುಮಾರು 9 ಗಂಟೆ ಅಂತರ, ಬೆಂಗಳೂರಿನಲ್ಲಿ ಬರೀ ಒಂದೂವರೆ ಗಂಟೆ. ಡಿಸೆಂಬರಿನಲ್ಲಿ ‘ಸೂರ್ಯ ಮರಳಿ ಬಾ’ ಎಂದು ಕೂಗುವಷ್ಟು ಅವನು ಎಲ್ಲೂ ಹೋಗಿರುವುದಿಲ್ಲ. ದಿನಾಂಕಕ್ಕೆ ಜೋತುಬೀಳದೆ ಹೊಂಗೆ ಚಿಗುರಿದ್ದು, ಮುಂಗಾರಿನ ಮೊದಲ ಮಳೆ ಬಿದ್ದದ್ದು ಬರೆದಿಟ್ಟು, ಅವನ್ನೇ ಹಬ್ಬ ಮಾಡಿಕೊಳ್ಳಿ.

ಅಕ್ಟೋಬರ್ 31ರ ಹಬ್ಬದ ಹೆಸರು Samhain, ‘ಸಾವಿನ್’ ಎಂದೇ ಹೆಚ್ಚುಕಡಿಮೆ ಉಚ್ಚಾರ. ಕನ್ನಡ ಕಿವಿಗೆ ಬೇರೇನೋ ಕೇಳಿಸುತ್ತದೆ, ಕಾಕತಾಳೀಯವಾದರೂ ಒಪ್ಪುತ್ತದೆ. ಅಂದು ಹಲವರು ಮೌನದ ಊಟ ಮಾಡುತ್ತಾರೆ. ಸತ್ತವರಿಗೆ ಒಂದು ಕುರ್ಚಿ, ಒಂದು ತಟ್ಟೆ, ಅವರಿಗೆ ಇಷ್ಟವಾದ ತಿಂಡಿ, ಒಂದು ದೀಪ. ಮಹಾಲಯಕ್ಕೆ ಎಡೆ ಇಟ್ಟು ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಮೊದಲಿನಿಂದ ಕೊನೆವರೆಗೆ ಮಾತಿಲ್ಲ, ಆದ್ದರಿಂದ ನೀರು-ಉಪ್ಪು ಮೊದಲೇ ಮೇಜಿಗೆ ಬಂದಿರಲಿ.

ಗುಂಪು ಸೇರುವಾಗ

ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆಗೆ ದುಡ್ಡು ಕೇಳುವಂತಿಲ್ಲ. ಕೇಳಿದರೆ ಎದ್ದು ಬನ್ನಿ. ದೀಕ್ಷೆಯ ನೆಪದಲ್ಲಿ ಮೈಮೇಲೆ ಬೀಳುವವರ ಮಾತಂತೂ ಹೇಳಬೇಕಾದ್ದೇ ಇಲ್ಲ. ಹೀದನ್ ಗುಂಪುಗಳಲ್ಲಿ ‘ಫೋಕಿಶ್’ ಎಂದು ಕರೆದುಕೊಳ್ಳುವವರು ಉತ್ತರ ಯುರೋಪಿನ ರಕ್ತ ಇದ್ದವರನ್ನಷ್ಟೇ ಸೇರಿಸುತ್ತಾರೆ. ನಮ್ಮವರು ಹೋಗುವ ಮೊದಲೇ ನೇರ ಕೇಳಿಬಿಡುವುದು ಒಳ್ಳೆಯದು.

ಉಳಿದದ್ದನ್ನು ಏನು ಮಾಡುವುದು

ಉಪ್ಪುನೀರನ್ನು ಸಿಂಕಿಗೆ ಚೆಲ್ಲಿ. ಕುಂಡಕ್ಕೆ ಹಾಕಿದರೆ ಗಿಡ ಒಣಗುತ್ತದೆ. ಹಾಲು-ಜೇನನ್ನು ಬಾಲ್ಕನಿಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಇರುವೆ ಸಾಲು. ಯೂ ಮರದ ಎಲೆ, ಬೀಜ ವಿಷ, ಅಲಂಕಾರಕ್ಕಿಟ್ಟರೂ ಊಟದ ತಟ್ಟೆಯಿಂದ ದೂರವಿರಲಿ. ಮರಕ್ಕೆ ಹರಕೆ ಬಟ್ಟೆ ಕಟ್ಟುವುದಾದರೆ ಹತ್ತಿಯದು, ಸಡಿಲವಾಗಿ. ನೈಲಾನ್ ದಾರ ಕೊಳೆಯುವುದಿಲ್ಲ, ಬೆಳೆಯುವ ಕೊಂಬೆಯ ತೊಗಟೆಗೆ ಇಳಿದು ಕೊರೆಯುತ್ತದೆ. ಇಂಗ್ಲೆಂಡಿನ ವೆಸ್ಟ್ ಕೆನೆಟ್‌ನಂಥ ಹಳೆಯ ಶಿಲಾಸಮಾಧಿಗಳ ಒಳಗೆ ದೀಪ ಹಚ್ಚಬೇಡಿ, ಸಣ್ಣ ಮೇಣದ ದೀಪದ ಬಿಸಿ-ಮಸಿಗೂ ಅಲ್ಲಿನ ಕಲ್ಲು ಹಾಳಾಗುತ್ತದೆ.