ಕಾಗದದ ಕಾರ್ಡು, ಕ್ಯೂಆರ್, ಎನ್‌ಎಫ್‌ಸಿ: ನನಗೆ ಫೋನ್ ತಂದುಕೊಟ್ಟದ್ದು ಯಾವುದು

"ಕಾಗದದ ವಿಸಿಟಿಂಗ್ ಕಾರ್ಡ್ ಬಿಟ್ಟುಬಿಡು, ಈಗ ಯಾರು ಇಟ್ಕೊಳ್ತಾರೆ" ಎಂದು ಜೊತೆಯವರು ಹೇಳುತ್ತಲೇ ಇದ್ದರು. ಪೂರ್ತಿ ಡಿಜಿಟಲ್‌ಗೆ ಹೋದ ಅವರೇ ಈಗ ನನ್ನ ಕಾರ್ಡ್ ತಿರುಗಿಸಿ ನೋಡಿ "ಡಿಸೈನ್ ಫೈಲ್ ಕಳಿಸ್ತೀರಾ" ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಯಂತ್ರಗಳ ಬಿಡಿಭಾಗ ಮಾರುವ ಕೆಲಸ. ಎಕ್ಸ್‌ಪೋ, ಡೀಲರ್ ಮೀಟ್ ಎಂದು ವರ್ಷವಿಡೀ ಓಡಾಟ. ಎಷ್ಟು ಕಾರ್ಡ್ ಹಂಚಿದೆ ಎಂಬುದು ಮುಖ್ಯವಲ್ಲ, ಎಷ್ಟು ಫೋನ್ ವಾಪಸ್ ಬಂತು ಎಂಬುದೇ ಲೆಕ್ಕ.

ಮೊದಲು ಎನ್‌ಎಫ್‌ಸಿ ಕಾರ್ಡ್ ತೆಗೆದುಕೊಂಡೆ, ಅಂದರೆ ಫೋನಿಗೆ ತಾಗಿಸಿದರೆ ಒಳಗಿನ ಚಿಪ್‌ನಿಂದ ಲಿಂಕ್ ತೆರೆಯುವ ಕಾರ್ಡ್. ಆ ಒಂದು ಕಾರ್ಡಿನ ದುಡ್ಡಲ್ಲಿ ಒಳ್ಳೆಯ ಕಾಗದದ ಮೇಲೆ ಸುಮಾರು 500 ಕಾರ್ಡ್ ಹೊಡೆಸಬಹುದಿತ್ತು. ಅದರ ಮೇಲೆ ಆ್ಯಪ್‌ನ ಚಂದಾ ಬೇರೆ. ಒಳಗಿದ್ದದ್ದು ಎನ್‌ಟ್ಯಾಗ್ 213 ಎಂಬ ಚಿಪ್, ಅಂದರೆ 144 ಬೈಟ್ ಜಾಗ. ಲಿಂಕ್‌ಗೆ ಸಾಕು. ತೊಂದರೆ ಬಂದದ್ದು ಎದುರಿನವರ ಫೋನಲ್ಲಿ. ಐಫೋನ್ ಎಕ್ಸ್‌ಎಸ್‌ನಿಂದ ಈಚಿನವು ತಾವಾಗಿಯೇ ಓದುತ್ತವೆ. ಅದಕ್ಕಿಂತ ಹಳೆಯ 7, 8, ಎಕ್ಸ್ ಆದರೆ ರೀಡರ್ ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಕೆಲವಕ್ಕೆ ಎನ್‌ಎಫ್‌ಸಿಯೇ ಇಲ್ಲ, ಇದ್ದರೂ ಆಫ್ ಆಗಿರುತ್ತದೆ. ಆನ್ ಇದ್ದರೆ ಆಂಟೆನಾ ಎಲ್ಲಿದೆ ಎಂದು ಹುಡುಕಾಟ. ಹತ್ತರಲ್ಲಿ ನಾಲ್ಕೈದು ಜನರಿಗೆ ಸಲೀಸಾಗಿ ಬಂದಿರಬಹುದು. ಉಳಿದವರ ಜೊತೆ ಅರ್ಧ ನಿಮಿಷ ಫೋನ್ ಉಜ್ಜುವುದರಲ್ಲೇ ಕಳೆಯಿತು. ಆ ಅರ್ಧ ನಿಮಿಷದಲ್ಲಿ ಮಾತು ತಣ್ಣಗಾಗಿಬಿಡುತ್ತದೆ.

ಲೋಹದ ಕಾರ್ಡನ್ನೂ ನೋಡಿದೆ. ಲೋಹ ಸಿಗ್ನಲ್ ಕೆಡಿಸದಂತೆ ಅದಕ್ಕೂ ಚಿಪ್ಪಿಗೂ ನಡುವೆ ಫೆರೈಟ್ ಪದರ ಬೇಕು, ಹಾಗಾಗಿ ಒಂದೇ ಬದಿಯಿಂದ ಓದುತ್ತದೆ. ಕೈಯಲ್ಲಿ ಹಿಡಿದರೆ ಗತ್ತು ಇದೆ, ನಿಜ. ಆದರೆ ಅದನ್ನು ಯಾರಿಗೂ ಕೊಟ್ಟು ಬರಲು ಆಗುವುದಿಲ್ಲ, ಅಲ್ವಾ? ಪಾರದರ್ಶಕ ಪ್ಲಾಸ್ಟಿಕ್ ಕಾರ್ಡ್ ಮೇಲೆ ಕ್ಯೂಆರ್ ಹಾಕಿಸಿದ್ದೂ ಉಂಟು. ಹಿಂದೆ ಬಿಳಿ ಕಾಗದ ಹಿಡಿದರೆ ಮಾತ್ರ ಸ್ಕ್ಯಾನ್ ಆಗುತ್ತಿತ್ತು. ಕಪ್ಪು ಹಿನ್ನೆಲೆಯ ಬಿಳಿ ಕ್ಯೂಆರ್ ಕೂಡ ಎಲ್ಲ ಫೋನಿಗೂ ಹಿಡಿಸುವುದಿಲ್ಲ.

ದೊಡ್ಡ ನಷ್ಟ ಆದದ್ದು ಡೈನಾಮಿಕ್ ಕ್ಯೂಆರ್‌ನಿಂದ. ಅದು ಮೊದಲು ಕ್ಯೂಆರ್ ಕಂಪನಿಯ ಲಿಂಕ್‌ಗೆ ಹೋಗಿ, ಅಲ್ಲಿಂದ ನಮ್ಮ ಪುಟಕ್ಕೆ ಕಳಿಸುತ್ತದೆ. ಸುಮಾರು ಒಂದು ಸಾವಿರ ಕಾರ್ಡ್ ಪ್ರಿಂಟ್ ಆಗಿ ಹಂಚಿಯೂ ಆಗಿತ್ತು. ಚಂದಾ ದರ ಏರಿತು, ನಿಲ್ಲಿಸಿದೆ. ಮರುವಾರದಿಂದ ಕ್ಯೂಆರ್ ತೆರೆದರೆ ಆ ಕಂಪನಿಯದೇ ಜಾಹೀರಾತು ಪುಟ. ಪ್ರಿಂಟಿನ ದುಡ್ಡು ಹೋದದ್ದಲ್ಲ ವಿಷಯ. ಜನರ ಪರ್ಸು, ಡ್ರಾಯರ್‌ಗಳಲ್ಲಿ ಕೂತ ಕಾರ್ಡುಗಳೆಲ್ಲ ಒಂದೇ ದಿನಕ್ಕೆ ಸತ್ತವು. ಅವತ್ತೇ ಸ್ವಂತ ಡೊಮೇನ್ (ವೆಬ್ ವಿಳಾಸ) ತೆಗೆದುಕೊಂಡೆ. ಇಡೀ ವರ್ಷಕ್ಕೆ ಅದರ ಖರ್ಚು ಹಳೆಯ ಚಂದಾದ ಒಂದೆರಡು ತಿಂಗಳಿನಷ್ಟು.

ಈಗಿನ ಪದ್ಧತಿ ಹೀಗಿದೆ. ಕಾಗದದ ಕಾರ್ಡ್ ಮೇಲೆ ಲಿಂಕ್ ಇರುವ ಕ್ಯೂಆರ್. ಫೋನಿನ ಲಾಕ್ ಸ್ಕ್ರೀನ್ ಮೇಲೆ ವಿಕಾರ್ಡ್ (ಹೆಸರು, ನಂಬರ್ ಇರುವ ಕಾಂಟ್ಯಾಕ್ಟ್ ಫೈಲ್) ಇರುವ ಕ್ಯೂಆರ್. ಎರಡೂ ಬೇಕು. ಎಕ್ಸ್‌ಪೋ ಹಾಲ್‌ನಲ್ಲಿ ಸಾವಿರಾರು ಜನ ಸೇರಿದರೆ ನೆಟ್‌ವರ್ಕ್ ಕೈಕೊಡುತ್ತದೆ, ಲಿಂಕ್ ತೆರೆಯುವುದಿಲ್ಲ. ವಿಕಾರ್ಡ್‌ಗೆ ನೆಟ್ ಬೇಡ, ಸ್ಕ್ಯಾನ್ ಮಾಡಿದ ಕೂಡಲೇ ಕಾಂಟ್ಯಾಕ್ಟ್‌ಗೆ ಸೇರಿಸಬಹುದು. ಆದರೆ ವಿಕಾರ್ಡ್‌ಗೆ ನೂರೈವತ್ತು ಬೈಟ್ ಆದರೂ ಬೇಕು, ಕ್ಯೂಆರ್ 49×49 ಚೌಕದ ಮನೆಗಳಷ್ಟು ಒತ್ತಾಗುತ್ತದೆ. ಸಣ್ಣ ಕಾರ್ಡಿಗೆ ಅದು ಹೊಂದುವುದಿಲ್ಲ, ಫೋನ್ ಪರದೆಗೆ ಚೆನ್ನಾಗಿ ಹೊಂದುತ್ತದೆ. ವಿಕಾರ್ಡ್‌ನ ಆವೃತ್ತಿ 3.0 ಇಡಿ. 4.0 ಬಂದದ್ದು 2011ರಲ್ಲೇ, ಆದರೂ ನಾನು ಪರೀಕ್ಷಿಸಿದ ಫೋನುಗಳಲ್ಲಿ 3.0 ಕೊಟ್ಟಷ್ಟು ನೆಮ್ಮದಿ ಅದು ಕೊಡಲಿಲ್ಲ. ಹೆಸರನ್ನು ಕನ್ನಡದಲ್ಲಿ ಹಾಕುವ ಆಸೆ ನನಗಿತ್ತು. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಮೇಲಿನ ಗುಣಿತ ಚಿಹ್ನೆಗೂ ಬೇರೆಬೇರೆಯಾಗಿ 3 ಬೈಟ್ ಬೇಕು. ವಿಳಾಸವನ್ನು ಕಿತ್ತು ಹೆಸರಿಗೆ ಜಾಗ ಮಾಡಿದೆ.

ಕಾರ್ಡ್ ಮೇಲಿನ ಲಿಂಕನ್ನು ಪೂರ್ತಿ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಹಾಕಿ. ಆಗ ಕ್ಯೂಆರ್ ದೊಡ್ಡಕ್ಷರ, ಅಂಕಿಗಳನ್ನು ಕಡಿಮೆ ಜಾಗದಲ್ಲಿ ಹಿಡಿಸುವ ಆಲ್ಫಾನ್ಯೂಮರಿಕ್ ಮೋಡ್‌ಗೆ ಹೋಗುತ್ತದೆ. 25×25ರ ಕ್ಯೂಆರ್‌ನಲ್ಲಿ, ಎಮ್ ಮಟ್ಟದ ತಿದ್ದುಪಡಿ (ಸ್ವಲ್ಪ ಅಳಿಸಿದರೂ ಓದಿಸುವ ಏರ್ಪಾಡು) ಇಟ್ಟುಕೊಂಡು, 26 ಅಕ್ಷರದ ಬದಲು 38 ಹಿಡಿಯುತ್ತದೆ. ಸರ್ವರ್ ದೊಡ್ಡಕ್ಷರದ ಲಿಂಕನ್ನು ಒಪ್ಪುವಂತೆ ಹೊಂದಿಸಿಕೊಳ್ಳಿ ಅಷ್ಟೆ. ಸುತ್ತ ನಾಲ್ಕು ಮನೆಯಷ್ಟು ಖಾಲಿ ಬಿಡಿ. ಡಿಸೈನರ್ ಅಲ್ಲಿಗೆ ಗೆರೆ ತುರುಕಲು ಬಂದರೆ ಬೇಡ ಅನ್ನಿ.

ನಿಜವಾದ ಕೆಲಸ ಮಾಡಿದ್ದು ಕಾರ್ಡಿನ ಹಿಂಬದಿ. ಮುಂದೆ ಮಾತ್ರ ಮ್ಯಾಟ್ ಲ್ಯಾಮಿನೇಶನ್, ಹಿಂದೆ ಲೇಪನವಿಲ್ಲದ ಖಾಲಿ ಕಾಗದ, ತೂಕ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸು. ಎರಡೂ ಕಡೆ ಲ್ಯಾಮಿನೇಶನ್ ಆದರೆ ಪೆನ್ನು ಜಾರುತ್ತದೆ, ಶಾಯಿ ಹರಡುತ್ತದೆ. ಒಬ್ಬ ವರ್ಕ್‌ಶಾಪ್ ಮಾಲೀಕರು 6204 ಬೇರಿಂಗ್ ಕೇಳಿದರು. ಅವರ ಎದುರೇ ಕಾರ್ಡ್ ತಿರುಗಿಸಿ '6204, 20×47×14' ಎಂದು ನಂಬರ್, ಮಿ.ಮೀ. ಅಳತೆ ಬರೆದು ಕೊಟ್ಟೆ. ತಿಂಗಳುಗಳ ನಂತರ ಫೋನ್ ಬಂತು. ನನ್ನ ಹೆಸರು ಅವರಿಗೆ ನೆನಪಿರಲಿಲ್ಲ. "ಸರ್, ನೀವು 6204 ಬರೆದುಕೊಟ್ಟಿದ್ರಲ್ಲ, ಇನ್ನೂ ನಾಲ್ಕು ಸೈಜ್ ಬೇಕು" ಅಂದರು. ಈಗಲೂ ಅವರು ನನ್ನ ಗಿರಾಕಿ. ಹೀಗೆ ಬರೆದುಕೊಡುವಾಗ ಎದುರಿನವರ ನಂಬರ್ ನಾನಾಗಿ ಕೇಳುವುದಿಲ್ಲ, ಅವರಾಗಿಯೇ ಮಿಸ್ಡ್ ಕಾಲ್ ಕೊಡುವಂತೆ ಒಂದು ಮಾತು ಆಡುತ್ತೇನೆ. ಆ ಮಾತು ಯಾವುದು ಎಂದು ಇಲ್ಲಿ ಹೇಳಲಾರೆ, ನನ್ನ ಅನ್ನ ಅದರಲ್ಲಿದೆ.

ಮೊದಲು ನೂರು ಕಾರ್ಡಿಗೆ ಮೂರ್ನಾಲ್ಕು ಫೋನ್ ಬಂದರೆ ಹೆಚ್ಚು. ಈಗ ಹನ್ನೆರಡರಿಂದ ಹದಿನೈದು. ಬರೆದುಕೊಟ್ಟ ಕಾರ್ಡುಗಳನ್ನೇ ಬೇರೆ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ.

ಹೊಸದಾಗಿ ಒಂದು ಪ್ರಯೋಗ ನಡೆದಿದೆ. ಒಂದೊಂದು ಎಕ್ಸ್‌ಪೋಗೆ ಹೊಡೆಸುವ ಕಾರ್ಡಿನ ಲಿಂಕ್‌ನಲ್ಲಿ ಕೊನೆಯ ಅಕ್ಷರ ಬೇರೆ. ಡೊಮೇನ್ ನನ್ನದೇ, ಹಾಗಾಗಿ ಯಾವ ಎಕ್ಸ್‌ಪೋದ ಕಾರ್ಡ್ ಯಾವಾಗ ಸ್ಕ್ಯಾನ್ ಆಯಿತು ಎಂದು ಗೊತ್ತಾಗುತ್ತದೆ. ದೊಡ್ಡ ಸ್ಟಾಲ್ ಹಾಕಿ ಕೈತುಂಬ ಖರ್ಚು ಮಾಡಿದ ಕಡೆಯದು ಒಂದು ವಾರಕ್ಕೇ ಸದ್ದಿಲ್ಲ. ಸುಮ್ನೆ ಓಡಾಡಿ ಬಂದ ಒಂದು ಸಣ್ಣ ಡೀಲರ್ ಮೀಟ್‌ನ ಕಾರ್ಡು ಎರಡು ವರ್ಷವಾದರೂ ಸ್ಕ್ಯಾನ್ ಆಗುತ್ತಲೇ ಇದೆ. ಮುಂದಿನ ಸಲ ದೊಡ್ಡ ಸ್ಟಾಲ್ ಬಿಟ್ಟು ಅಂಥ ಸಣ್ಣ ಮೀಟ್‌ಗಳಿಗೆ ಆ ದುಡ್ಡು ಹಾಕುತ್ತಿದ್ದೇನೆ.